ಸಂಕೋಚದ ತೋಡಿಗೊಂದು ಕಾಲುಸಂಕ

ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯನ್ನು ಅರಿಯದ ಕನ್ನಡಿಗರಿಲ್ಲ. ಆದರೆ ಮಾತು ಬಲ್ಲವನಾಗಿದ್ದೂ ಆಡಲಾರದವನ ಗತಿಯೇನು? ಆ ವಿಷಯದಲ್ಲಿ ಗಾದೆಯೂ ಮೌನ ತಾಳಿದೆ. ಉತ್ತರ ಮನಸ್ಸಿನಲ್ಲಿ ಸಿದ್ಧವಾಗಿರುತ್ತದೆ. ನಾಲಗೆಯ ತುದಿಯವರೆಗೂ ಬಂದಿರುತ್ತದೆ. ಎದುರಿಗೆ ಕುಳಿತವರ ಕಣ್ಣುಗಳು ತನ್ನತ್ತ ತಿರುಗಿದೊಡನೆ ಎದೆ ಡವಗುಟ್ಟಿ, ಅಂಗೈ ಬೆವತು, ಗಂಟಲೊಣಗಿ, ಸಿದ್ಧವಾಗಿದ್ದ ಉತ್ತರ ಎಲ್ಲಿಯೋ ಅಡಗಿಹೋಗುತ್ತದೆ. ಸಭೆ ಮುಗಿದು ಮನೆಗೆ ಮರಳುವ ದಾರಿಯಲ್ಲಿ ಅದೇ ಉತ್ತರ ಸಾಲಂಕೃತವಾಗಿ ಬಂದು ನಿಲ್ಲುತ್ತದೆ. ಆಗ ಅದನ್ನು ಕೇಳುವವರಾರು?

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಪ್ರದೇಶ ವಿದ್ಯೆಗೆ ಹೆಸರಾದುದು. ಕೊಲ್ಲೂರಿನ ಸನ್ನಿಧಿಯಲ್ಲಿ ಅಕ್ಷರಾಭ್ಯಾಸ ಮಾಡಿಸಲು ದೂರದೂರದಿಂದ ಜನ ಬರುತ್ತಾರೆ. ಕುಂದಾಪುರದಲ್ಲಿ 1963ರಲ್ಲಿ ಭಂಡಾರ್ಕಾರ್ಸ್ ಕಾಲೇಜು ತೆರೆದಂದಿನಿಂದ ಇಲ್ಲಿಯ ಮನೆಮನೆಗೂ ಪದವೀಧರರು ಬಂದಿದ್ದಾರೆ. ಅಂಕಪಟ್ಟಿಗೆ ಕೊರತೆಯಿಲ್ಲ, ಬುದ್ಧಿಗೂ ಕೊರತೆಯಿಲ್ಲ. ಆದರೂ ಅಂಕಪಟ್ಟಿಯನ್ನು ಕೈಯಲ್ಲಿ ಹಿಡಿದು ಅಪರಿಚಿತರೊಬ್ಬರ ಮುಂದೆ ನಿಂತು, ‘ನನಗೆ ಈ ಕೆಲಸ ಬರುತ್ತದೆ’ ಎನ್ನಲಾರದೆ ಹಿಂದೆ ಸರಿಯುವ ತರುಣ ತರುಣಿಯರು ಅನೇಕರು. ಪರೀಕ್ಷೆಯಲ್ಲಿ ಅನುತ್ತೀರ್ಣನಾದವನನ್ನು ಊರೆಲ್ಲ ಬಲ್ಲದು. ಕೇಳಬೇಕಾದ ಒಂದು ಮಾತನ್ನು ಕೇಳದೆ ಉದ್ಯೋಗ ಕಳೆದುಕೊಂಡವನ ಸುದ್ದಿ ಯಾರಿಗೂ ತಿಳಿಯುವುದಿಲ್ಲ. ಇದು ಸದ್ದಿಲ್ಲದ ನಷ್ಟ.

ನಾಚಿಕೆಯೋ, ಭೀತಿಯೋ?

ನಾಚಿಕೆ ದೋಷವೇನೂ ಅಲ್ಲ. ಹೊಸಬರ ಮುಂದೆ ಕ್ಷಣಕಾಲ ಹಿಂಜರಿಯುವುದು ಮನುಷ್ಯ ಸ್ವಭಾವ; ಪರಿಚಯವಾದಂತೆ ಅದು ತಾನಾಗಿಯೇ ಕರಗುತ್ತದೆ. ಆದರೆ ಕೆಲವರಲ್ಲಿ ಈ ಹಿಂಜರಿಕೆ ಬೇರೂರಿ, ಬದುಕಿನ ದಾರಿಗೇ ಅಡ್ಡ ನಿಲ್ಲುವುದುಂಟು. ಸಂದರ್ಶನದ ದಿನ ಹತ್ತಿರವಾದಂತೆ ನಿದ್ರೆ ಕೆಡುತ್ತದೆ. ನಾಲ್ವರ ನಡುವೆ ಕುಳಿತು ಉಣ್ಣುವುದೂ ಕಷ್ಟವಾಗುತ್ತದೆ. ದೂರವಾಣಿಯ ಗಂಟೆ ಬಾರಿಸಿದರೆ ಎದೆ ನಡುಗುತ್ತದೆ. ಅಮೆರಿಕದ ಮನೋವೈದ್ಯರ ಸಂಘವು ರೋಗಲಕ್ಷಣಗಳನ್ನು ವಿವರಿಸುವ ತನ್ನ ಕೈಪಿಡಿಯಲ್ಲಿ 1980ರಲ್ಲಿ ಇದಕ್ಕೊಂದು ಪ್ರತ್ಯೇಕ ಸ್ಥಾನ ಕೊಟ್ಟಿತು. ಸಾಮಾಜಿಕ ಆತಂಕವೆಂಬ ಹೆಸರು 1994ರ ಆವೃತ್ತಿಯಲ್ಲಿ ಸೇರಿತು.

ಈ ಭೀತಿಯ ಒಳಗುಟ್ಟನ್ನು ಇಂಗ್ಲೆಂಡಿನ ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ ಎಂಬ ಮನೋವಿಜ್ಞಾನಿಗಳು 1995ರಲ್ಲಿ ವಿಶದಪಡಿಸಿದರು. ಭೀತನಾದವನು ಎದುರಿಗಿರುವವರನ್ನು ನೋಡುತ್ತಿರುವುದಿಲ್ಲ, ತನ್ನನ್ನೇ ನೋಡಿಕೊಳ್ಳುತ್ತಿರುತ್ತಾನೆ. ತನ್ನ ಸ್ವರ ನಡುಗಿತೇ, ಮುಖ ಕೆಂಪೇರಿತೇ, ಮಾತು ತಪ್ಪಿತೇ ಎಂಬುದರ ಮೇಲೆಯೇ ಅವನ ಗಮನವೆಲ್ಲ. ಆ ಆತಂಕದಲ್ಲಿ ಅವನು ಕೆಲವು ಆಸರೆಗಳನ್ನು ಹುಡುಕುತ್ತಾನೆ: ಪ್ರತಿಯೊಂದು ವಾಕ್ಯವನ್ನೂ ಮನಸ್ಸಿನಲ್ಲಿ ಹತ್ತು ಸಲ ಹೊಲಿಯುವುದು, ಕಣ್ಣು ತಗ್ಗಿಸುವುದು, ಮೊಬೈಲ್ ಫೋನನ್ನು ತಿರುವುತ್ತ ನಿಲ್ಲುವುದು, ಗೆಳೆಯನೊಬ್ಬ ಜೊತೆಗಿಲ್ಲದೆ ಎಲ್ಲಿಗೂ ಹೋಗದಿರುವುದು. ಆ ಹೊತ್ತಿಗೆ ಅವು ರಕ್ಷಿಸಿದಂತೆ ತೋರಿದರೂ ಭೀತಿಗೆ ನೀರೆರೆದು ಬೆಳೆಸುವವೂ ಅವೇ. ತಪ್ಪಿಸಿಕೊಂಡವನಿಗೆ ‘ಹೋಗಿದ್ದರೂ ಏನೂ ಆಗುತ್ತಿರಲಿಲ್ಲ’ ಎಂಬ ಅನುಭವ ದೊರೆಯುವುದೇ ಇಲ್ಲವಲ್ಲ!

ಜಗತ್ತೆಲ್ಲ ತನ್ನನ್ನೇ ನೋಡುತ್ತಿದೆ ಎಂಬ ಭಾವನೆ ಎಷ್ಟರಮಟ್ಟಿಗೆ ನಿಜ? ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಥಾಮಸ್ ಗಿಲೋವಿಚ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಪ್ರಯೋಗವೊಂದು ಸ್ವಾರಸ್ಯಕರವಾಗಿದೆ. ವಿದ್ಯಾರ್ಥಿಯೊಬ್ಬನಿಗೆ, ಧರಿಸಲು ನಾಚಿಕೆಯಾಗುವಂತಹ ಚಿತ್ರವಿದ್ದ ಅಂಗಿಯನ್ನು ತೊಡಿಸಿ ಇತರರಿದ್ದ ಕೊಠಡಿಗೆ ಕಳುಹಿಸಿದರು. ಹೀಗೆ ಹೋಗಿ ಬಂದವರು, ಅಲ್ಲಿದ್ದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಆ ಚಿತ್ರವನ್ನು ಗುರುತಿಸಿರಬೇಕೆಂದು ಎಣಿಸಿದರು. ನಿಜವಾಗಿ ಗುರುತಿಸಿದವರು ಕಾಲುಭಾಗದಷ್ಟು ಮಾತ್ರ! ಎರಿಕಾ ಬೂತ್‌ಬಿ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೊಂದು ಸಮಾಧಾನವನ್ನು ಕೊಡುತ್ತದೆ. ಅಪರಿಚಿತರಿಬ್ಬರು ಮಾತನಾಡಿ ಬೇರೆಯಾದಾಗ, ಎದುರಿನವರಿಗೆ ತಾವು ಹಿಡಿಸಿದುದಕ್ಕಿಂತ ಕಡಿಮೆಯಾಗಿಯೇ ಹಿಡಿಸಿದೆವೆಂದು ಇಬ್ಬರೂ ಭಾವಿಸುತ್ತಾರಂತೆ. ಅಂತೂ ಸಂಕೋಚಪಡುವವನು ತನ್ನ ಮೇಲೆ ಹೊರಿಸಿಕೊಂಡ ಆರೋಪಪಟ್ಟಿಯಲ್ಲಿ ಬಹುಭಾಗ ಅವನೇ ಬರೆದುದು.

ಹಿಂದೆ ಊರೇ ಪರಿಚಯಪತ್ರ

ಈ ಕರಾವಳಿಯ ಹುಡುಗರು ಹೊರನಾಡಿಗೆ ಹೋದುದು ಇಂದು ನಿನ್ನೆಯ ಸಂಗತಿಯಲ್ಲ. ಕೋಟದ ಬಳಿಯ ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಉಪಾಹಾರ ಗೃಹವೇ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಎಂದು ನಾಡಿಗೆಲ್ಲ ಪರಿಚಿತವಾಯಿತು. ಮುಂಬಯಿಯಲ್ಲಿ 1902ರಲ್ಲಿ ಸ್ಥಾಪಿತವಾದ ಮೊಗವೀರ ವ್ಯವಸ್ಥಾಪಕ ಮಂಡಳಿ ಕರಾವಳಿಯಿಂದ ಬಂದ ದುಡಿಯುವ ಹುಡುಗರಿಗಾಗಿ ರಾತ್ರಿಶಾಲೆಯನ್ನು ನಡೆಸಿತು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಓದಿ ಮುಂದೆ ಬಂದವರ ಕಥೆಗಳು ಇಲ್ಲಿಯ ಹಲವು ಮನೆತನಗಳಲ್ಲಿ ಇಂದಿಗೂ ಜೀವಂತವಾಗಿವೆ.

ಆ ಹುಡುಗರು ಸಂಕೋಚವಿಲ್ಲದ ವಾಚಾಳಿಗಳಾಗಿದ್ದರೇ? ಹಾಗೇನೂ ಇಲ್ಲ. ಅವರ ಪರವಾಗಿ ಮಾತನಾಡಲು ಊರೇ ಇತ್ತು. ‘ಇವನು ಇಂಥವರ ಮಗ, ನಂಬಿಕಸ್ಥ’ ಎಂಬ ಒಂದು ಕಾಗದ ಸಾಕಾಗಿತ್ತು. ಇಳಿದ ಕೂಡಲೇ ‘ಹ್ವಾಯ್, ಏಗ್ಳ್ ಬಂದ್ರಿ? ಆಸ್ರಿಗೆ ಬೇಕಾ?’ ಎಂದು ಊರಿನ ಮಾತಿನಲ್ಲಿಯೇ ವಿಚಾರಿಸುವ ಒಂದು ಜೀವ ಅಲ್ಲಿರುತ್ತಿತ್ತು.

ಇಂದು ಕೆಲಸ ಕೊಡುವವನು ಪುಣೆಯಲ್ಲಿರಬಹುದು, ದುಬೈಯಲ್ಲಿರಬಹುದು. ಅವನಿಗೆ ಇಂಥವರ ಮಗನೆಂಬುದು ತಿಳಿಯದು, ತಿಳಿದರೂ ಪ್ರಯೋಜನವಿಲ್ಲ. 2020ರ ಕೊರೋನಾ ಪಿಡುಗಿನ ಬಳಿಕ ಮೊದಲ ಭೇಟಿ ಗಣಕಯಂತ್ರದ ಪರದೆಯ ಮೇಲೆ ನಡೆಯುವುದು ಸಾಮಾನ್ಯವಾಗಿದೆ. ಹಿಂದೆ ಊರು ಮಾಡುತ್ತಿದ್ದ ಪರಿಚಯವನ್ನು ಈಗ ತಾನೇ ಮಾಡಿಕೊಳ್ಳಬೇಕು.

ಪರಿಚಯವೆಂದರೆ ಶಿಫಾರಸೆಂದು ಮೂಗು ಮುರಿಯಬೇಕಾಗಿಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಒಂದು ಕುತೂಹಲಕರ ವಾದವನ್ನು ಮುಂದಿಟ್ಟರು. ಹೊಸ ಅವಕಾಶಗಳ ಸುದ್ದಿ ಹೆಚ್ಚಾಗಿ ಬರುವುದು ಆಪ್ತರಿಂದಲ್ಲ, ಅಷ್ಟಾಗಿ ಬಳಕೆಯಿಲ್ಲದ ಪರಿಚಿತರಿಂದ. ಆಪ್ತರಿಗೆ ತಿಳಿದುದು ಬಹುಮಟ್ಟಿಗೆ ತನಗೂ ತಿಳಿದಿರುತ್ತದೆ. ದೂರದ ಪರಿಚಿತರದು ಬೇರೆಯೇ ಲೋಕ. 2003ರಲ್ಲಿ ಆರಂಭವಾದ ಲಿಂಕ್ಡ್‌ಇನ್ ಎಂಬ ಉದ್ಯೋಗಸಂಬಂಧದ ಜಾಲತಾಣದಲ್ಲಿ ಸುಮಾರು 2 ಕೋಟಿ ಜನರ ಮೇಲೆ 5 ವರ್ಷ ನಡೆದ ಪ್ರಯೋಗಗಳ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಕೆಲಸ ದೊರಕಿಸುವುದರಲ್ಲಿ ತೀರ ನಿಕಟವಲ್ಲದ ಸಂಬಂಧಗಳ ಪಾತ್ರವೇ ಮಿಗಿಲೆಂದು ಅದೂ ತೋರಿಸಿತು. ಸಂಕೋಚದವನಿಗೆ ಆಪ್ತರಿರಬಹುದು, ಇಲ್ಲದಿರುವುದು ಈ ಅರೆಪರಿಚಿತರ ಬಳಗ. ಅವನಿಗಾಗುವ ನಷ್ಟದ ಮೂಲ ಇಲ್ಲಿದೆ.

ಹೂವಿನಕೋಲು ಕಲಿಸಿದ ಪಾಠ

ಹಾಗಾದರೆ ಸಂಕೋಚಕ್ಕೆ ಮದ್ದೇನು? ಅದನ್ನು ಹುಡುಕಿಕೊಂಡು ಬಹುದೂರ ಹೋಗಬೇಕಾಗಿಲ್ಲ. ಕುಂದಾಪುರ, ಬ್ರಹ್ಮಾವರಗಳ ಹಳ್ಳಿಗಳಲ್ಲಿ ನವರಾತ್ರಿಯ ಕಾಲಕ್ಕೆ ಹೂವಿನಕೋಲು ಎಂಬ ಸುಂದರ ಸಂಪ್ರದಾಯವಿತ್ತು. ಭಾಗವತರು, ಮದ್ದಳೆಯವರು, ಜೊತೆಗೆ ಕೆಲವರು ಬಾಲಕರು. ಹೂವಿನಿಂದ ಸಿಂಗರಿಸಿದ ಕೋಲನ್ನು ಹಿಡಿದು ಈ ಪುಟ್ಟ ತಂಡ ಮನೆಯಿಂದ ಮನೆಗೆ ಹೋಗುತ್ತಿತ್ತು. ಮನೆಯವರು ದೀಪ ಹಚ್ಚಿ ಬರಮಾಡಿಕೊಳ್ಳುವರು. ಬಾಲಕರು ಎದುರುಬದುರಾಗಿ ಕುಳಿತು ಯಕ್ಷಗಾನ ಪ್ರಸಂಗದ ಒಂದು ಸಣ್ಣ ಭಾಗಕ್ಕೆ ಅರ್ಥ ಹೇಳುವರು. ಒಬ್ಬ ಅರ್ಜುನ, ಇನ್ನೊಬ್ಬ ಕೃಷ್ಣ. ಅಷ್ಟರಲ್ಲಿ ಮುಗಿಯಿತು, ಮನೆಯವರ ಕಾಣಿಕೆಯನ್ನು ಸ್ವೀಕರಿಸಿ ಮುಂದಿನ ಮನೆಗೆ ಪಯಣ. ಕಾಲಕ್ರಮದಲ್ಲಿ ಮಂಕಾದ ಈ ಪದ್ಧತಿಗೆ, 1970ರ ದಶಕದಲ್ಲಿ ಕಾರ್ಕಡ ಶ್ರೀನಿವಾಸ ಉಡುಪರೂ ಎಚ್. ಶ್ರೀಧರ ಹಂದೆಯವರೂ ಕೂಡಿ ಕಟ್ಟಿದ ಸಾಲಿಗ್ರಾಮ ಮಕ್ಕಳ ಮೇಳದಂತಹ ಸಂಸ್ಥೆಗಳು ಮತ್ತೆ ಜೀವ ತುಂಬಿವೆ.

ಇದು ಕಲೆಯೂ ಹೌದು, ಭಕ್ತಿಯೂ ಹೌದು. ಆದರೆ ಸಂಕೋಚದ ಹುಡುಗನ ಕಣ್ಣಿನಿಂದ ಇದನ್ನು ನೋಡಬೇಕು. ಅಪರಿಚಿತರ ಮನೆ; ಹತ್ತು ಜನ ಕೇಳುವವರು; ಆದರೆ ಆಡಬೇಕಾದುದು ಕೆಲವೇ ಮಾತು. ಅವನು ಆಡುವುದು ತನ್ನ ಬಗ್ಗೆಯಲ್ಲ, ಅರ್ಜುನನ ಪರವಾಗಿ. ಪಕ್ಕದಲ್ಲಿ ಗುರುವಿದ್ದಾರೆ. ಮೊದಲ ಮನೆಯಲ್ಲಿ ತೊದಲಿದರೂ ಚಿಂತೆಯಿಲ್ಲ, ಎರಡನೆಯ ಮನೆ ಕಾದಿದೆ. ಹತ್ತನೆಯ ಮನೆಯ ಹೊತ್ತಿಗೆ ಹೆದರಿಕೆಗೆ ಬೇಸರ ಬಂದಿರುತ್ತದೆ!

ಬಡಗುತಿಟ್ಟಿನ ಮೇಳಗಳಲ್ಲಿಯೂ ಇದೇ ಕ್ರಮ. ಹೊಸದಾಗಿ ಸೇರಿದ ಹುಡುಗನಿಗೆ ರಾಜವೇಷ ಕೊಡುವವರಿರಲಿಲ್ಲ. ಅವನು ಮೊದಲು ಕೋಡಂಗಿಯಾಗಬೇಕು. ಸಂಜೆಗತ್ತಲಲ್ಲಿ, ಪ್ರೇಕ್ಷಕರು ಇನ್ನೂ ಒಬ್ಬೊಬ್ಬರಾಗಿ ಬಂದು ಸೇರುತ್ತಿರುವಾಗ, ತಪ್ಪು ಹೆಜ್ಜೆಯನ್ನು ಯಾರೂ ಗಮನಿಸದ ಹೊತ್ತಿನಲ್ಲಿ ಅವನ ಕುಣಿತ. ಅನಂತರ ಬಾಲಗೋಪಾಲ, ಪೀಠಿಕೆಯ ಸ್ತ್ರೀವೇಷ. ವರ್ಷಗಳು ಕಳೆದಂತೆ ಪ್ರಸಂಗದ ಪಾತ್ರಗಳು. ಇಂದು ಕಾಲಮಿತಿಯ ಆಟಗಳು ಹೆಚ್ಚಿ, ಆ ಪೂರ್ವರಂಗ ಬಹಳಮಟ್ಟಿಗೆ ಮೊಟಕಾಗಿದೆ. ಹೊಸಬನಿಗಿದ್ದ ಮೊದಲ ಮೆಟ್ಟಿಲೂ ಅದರೊಂದಿಗೆ ಕಳೆದಿದೆ.

ಮನೋವೈದ್ಯರು ಸಾಮಾಜಿಕ ಆತಂಕಕ್ಕೆ ಇಂದು ಸೂಚಿಸುವ ಚಿಕಿತ್ಸೆಯ ತಿರುಳು ಈ ಮೆಟ್ಟಿಲ ಕ್ರಮವನ್ನೇ ಹೋಲುತ್ತದೆ. ಹೆದರಿಕೆ ಹುಟ್ಟಿಸುವ ಸನ್ನಿವೇಶಗಳನ್ನು ಸುಲಭದಿಂದ ಕಠಿಣಕ್ಕೆ ಸಾಲಾಗಿ ಜೋಡಿಸಿಕೊಳ್ಳುವುದು; ಒಂದೊಂದನ್ನೂ ಮತ್ತೆ ಮತ್ತೆ ಎದುರಿಸುವುದು; ನಡುವೆ ಓಡಿಹೋಗದೆ ನಿಲ್ಲುವುದು; ಹೆದರಿದ್ದ ಅನಾಹುತ ಸಂಭವಿಸಲಿಲ್ಲವೆಂಬುದನ್ನು ಕಣ್ಣಾರೆ ಕಾಣುವುದು.

ಮೂಕನಾದ ವಕೀಲ

1934ರ ಫೆಬ್ರವರಿಯಲ್ಲಿ ಹರಿಜನೋದ್ಧಾರದ ಪ್ರವಾಸದಲ್ಲಿ ಗಾಂಧೀಜಿ ಕುಂದಾಪುರಕ್ಕೂ ಬಂದಿದ್ದರು. ಅಂದು ಕಿಕ್ಕಿರಿದ ಜನಸಮುದಾಯ ಮಾತು ಕೇಳಲು ಕಾದಿದ್ದ ಆ ವ್ಯಕ್ತಿ, ನಾಲ್ಕು ದಶಕಗಳ ಹಿಂದೆ ನಾಲ್ಕು ಜನರೆದುರು ಬಾಯಿ ಬಿಡಲಾರದವರಾಗಿದ್ದರು. ಲಂಡನ್ನಿನ ಸಸ್ಯಾಹಾರಿಗಳ ಸಂಘದಲ್ಲಿ ಸದಸ್ಯರಾಗಿಯೂ ಮೌನವಾಗಿ ಕುಳಿತಿದ್ದವರು. ವಕೀಲರಾಗಿ ಮುಂಬಯಿಗೆ ಬಂದು ಮೊದಲ ಮೊಕದ್ದಮೆಯಲ್ಲಿ ಪಾಟೀಸವಾಲಿಗೆಂದು ಎದ್ದು ನಿಂತಾಗ ತಲೆ ಸುತ್ತಿ, ಒಂದು ಪ್ರಶ್ನೆಯೂ ತೋಚದೆ ಕುಳಿತುಬಿಟ್ಟರು; ಮೊಕದ್ದಮೆಯನ್ನು ಬೇರೆಯವರಿಗೆ ವಹಿಸಲು ಹೇಳಿ ಹೊರನಡೆದರು. ಈ ಪ್ರಸಂಗವನ್ನು ಅವರೇ ತಮ್ಮ ಆತ್ಮಕಥೆಯಲ್ಲಿ ಬಣ್ಣಿಸಿದ್ದಾರೆ.

ಆ ಬೀಗ ತೆರೆದುದು 1893ರಲ್ಲಿ, ದಕ್ಷಿಣ ಆಫ್ರಿಕದ ಪ್ರಿಟೋರಿಯದಲ್ಲಿ. ಅಲ್ಲಿಯ ಭಾರತೀಯರ ಸ್ಥಿತಿಗತಿಗಳನ್ನು ಚರ್ಚಿಸಲು ಅವರೇ ಸಭೆ ಕರೆದರು. ವಿಷಯವನ್ನು ಸಿದ್ಧಪಡಿಸಿಕೊಂಡು ಹೋಗಿ ಮಾತನಾಡಿದರು. ಅವರ ಸ್ವಭಾವ ಒಂದು ರಾತ್ರಿಯಲ್ಲಿ ಬದಲಾಯಿತೆಂದು ಇದರ ಅರ್ಥವಲ್ಲ. ‘ನಾನು ಹೇಗೆ ಕಾಣುತ್ತಿದ್ದೇನೆ’ ಎಂಬ ಪ್ರಶ್ನೆಯ ಸ್ಥಾನಕ್ಕೆ ‘ಇವರಿಗಾಗಿ ಏನು ಮಾಡಬೇಕು’ ಎಂಬ ಪ್ರಶ್ನೆ ಬಂದಿತು. ಹೂವಿನಕೋಲಿನ ಬಾಲಕನಿಗೆ ಅರ್ಜುನ ಮಾಡಿಕೊಡುತ್ತಿದ್ದ ಉಪಕಾರವನ್ನೇ ಅಲ್ಲಿ ಗಾಂಧೀಜಿಗೆ ಕರ್ತವ್ಯ ಮಾಡಿಕೊಟ್ಟಿತು.

ಚೌಕಿ ಮತ್ತು ರಂಗಸ್ಥಳ

ಇನ್ನು ಇಂದಿನ ಪ್ರಯೋಗಕ್ಕೆ ಬರೋಣ. ಬೈಂದೂರಿನ ಕಡೆಯ ಒಬ್ಬ ತರುಣಿ ಈ ವರ್ಷ ಬಿ.ಕಾಂ. ಮುಗಿಸಿದ್ದಾಳೆಂದೂ, ಲೆಕ್ಕಪರಿಶೋಧಕರ ಕಚೇರಿಯಲ್ಲಿ ಕೆಲಸ ಕಲಿಯುವ ಆಸೆ ಅವಳಿಗಿದೆಯೆಂದೂ ಭಾವಿಸೋಣ. ಅವಳ ಮೆಟ್ಟಿಲುಗಳು ಹೇಗಿರಬಹುದು?

ಮೊದಲನೆಯದು ದಿನನಿತ್ಯದ ಮಾತು. ಅಂಗಡಿಯಲ್ಲಿ ತಾನೇ ಬೆಲೆ ವಿಚಾರಿಸುವುದು, ಬ್ಯಾಂಕಿನಲ್ಲಿ ತಿಳಿಯದುದನ್ನು ಕೇಳುವುದು, ಬಸ್ಸಿನಲ್ಲಿ ಪಕ್ಕದವರೊಡನೆ ಎರಡು ಮಾತಾಡುವುದು. ಎರಡನೆಯದು ಬರಹ. ತನ್ನ ಕಾಲೇಜಿನಲ್ಲಿ ಓದಿ ಈಗ ಬೆಂಗಳೂರಿನಲ್ಲಿರುವ ಒಬ್ಬರಿಗೆ ಅಂತರಜಾಲದ ಮೂಲಕ ಹೀಗೊಂದು ಓಲೆ ಬರೆಯಬಹುದು: ‘ತಾವು ಓದಿದ ಕಾಲೇಜಿನಲ್ಲಿಯೇ ಈ ವರ್ಷ ಬಿ.ಕಾಂ. ಮುಗಿಸಿದ್ದೇನೆ. ಲೆಕ್ಕಪರಿಶೋಧನೆಯ ಕೆಲಸ ಕಲಿಯಬೇಕೆಂದಿದ್ದೇನೆ. ಮೊದಲು ಯಾವ ತರಬೇತಿ ಪಡೆದರೆ ಅನುಕೂಲವೆಂಬುದನ್ನು ಬಿಡುವಾದಾಗ ತಿಳಿಸುವಿರಾ?’ ಇಲ್ಲಿ ಅವಳು ಕೆಲಸ ಬೇಡಲಿಲ್ಲ. ಒಂದು ಪ್ರಶ್ನೆ ಕೇಳಿದಳು. ಬಲ್ಲ ವಿಷಯವನ್ನು ಹೇಳಿಕೊಡುವುದು ಬಹುಮಂದಿಗೆ ಸಂತೋಷವೇ.

ಉತ್ತರ ಬಾರದಿದ್ದರೆ? ಎರಡು ವಾರ ಬಿಟ್ಟು ಒಮ್ಮೆ ನೆನಪಿಸಬಹುದು. ಆಮೇಲೆ ಬೇರೆಯವರಿಗೆ ಬರೆಯಬೇಕು. ಅವರಿಗೆ ಬಿಡುವಿರಲಿಲ್ಲವೆಂದು ತಿಳಿಯಬೇಕೇ ಹೊರತು ತನ್ನ ಯೋಗ್ಯತೆಯ ತೀರ್ಪು ಬಂತೆಂದು ತಿಳಿಯಬಾರದು. ಉತ್ತರ ಬಂದರೆ ಮೂರನೆಯ ಮೆಟ್ಟಿಲು: ಐದು ನಿಮಿಷದ ದೂರವಾಣಿ ಸಂಭಾಷಣೆ. ನಾಲ್ಕನೆಯದು, ಅಂತರಜಾಲದ ಉಪನ್ಯಾಸವೊಂದರಲ್ಲಿ ಮುಖ ತೋರಿಸಿ ಒಂದೇ ಒಂದು ಪ್ರಶ್ನೆ. ಐದನೆಯದು, ಕುಂದಾಪುರದಲ್ಲಿಯೇ ಇರುವ ಲೆಕ್ಕಪರಿಶೋಧಕರ ಕಚೇರಿಗೆ ಸಮಯ ಕೇಳಿ ಹೋಗಿ ಭೇಟಿ. ಆರನೆಯದು, ಹಳೆಯ ವಿದ್ಯಾರ್ಥಿಗಳ ಕೂಟದಲ್ಲಿ ಎರಡು ನಿಮಿಷದ ಮಾತು. ಒಂದು ಮೆಟ್ಟಿಲಿನ ಮೇಲೆ ಕಾಲು ನಡುಗುವುದು ಕಡಿಮೆಯಾಗುವವರೆಗೂ ಅದನ್ನೇ ಹತ್ತಿಳಿಯಬೇಕು. ಪ್ರತಿ ಭೇಟಿಯ ಬಳಿಕ ‘ಹೇಗೆ ಕಂಡೆನೋ’ ಎಂದು ಕೊರಗುವುದರ ಬದಲು ‘ಏನು ತಿಳಿದುಕೊಂಡೆ’ ಎಂದು ಒಂದು ಸಾಲು ಬರೆದಿಟ್ಟರೆ ಗಮನ ತನ್ನಿಂದ ವಿಷಯದತ್ತ ಹೊರಳುತ್ತದೆ.

ಸಂಕೋಚದವರಿಗೆ ಅಂತರಜಾಲ ವರವೇ ಸರಿ. ಯೋಚಿಸಿ ಬರೆಯಲು ಅಲ್ಲಿ ಅವಕಾಶವಿದೆ; ಬರೆದುದನ್ನು ತಿದ್ದಬಹುದು. ಆದರೆ ಅದರಲ್ಲೊಂದು ಅಪಾಯವೂ ಉಂಟು. ಕ್ಯಾಮೆರಾ ಮುಚ್ಚಿ, ಹೆಸರು ಮರೆಮಾಡಿ, ಇತರರು ಆಡುವುದನ್ನು ನೋಡುತ್ತ ವರ್ಷಗಟ್ಟಲೆ ಕೂತಿರಲು ಅದಕ್ಕಿಂತ ಅನುಕೂಲವಾದ ಜಾಗ ಇನ್ನೊಂದಿಲ್ಲ. ಯಕ್ಷಗಾನದ ಚೌಕಿಯಲ್ಲಿ ಬಣ್ಣ ಹಚ್ಚಿ, ಗೆಜ್ಜೆ ಕಟ್ಟಿ ಸಿದ್ಧರಾಗಬೇಕು ನಿಜ. ಸಿದ್ಧನಾದವನು ಚೌಕಿಯಲ್ಲಿಯೇ ಕುಳಿತರೆ ಆಟ ನಡೆಯುವುದೆಂತು? ಅಂತರಜಾಲ ಚೌಕಿಯಾಗಲಿ, ರಂಗಸ್ಥಳ ಹೊರಗಿದೆ. ಇನ್ನೊಂದು ಎಚ್ಚರಿಕೆಯ ಮಾತು: ಕೆಲಸ ಕೊಡಿಸಲು ಮುಂಗಡ ಹಣ ಕೇಳುವವರು, ಬ್ಯಾಂಕಿನ ಗುಪ್ತಸಂಖ್ಯೆ ಕೇಳುವವರು ಮೋಸಗಾರರು. ಅಂಥವರ ಮುಂದೆ ಮೌನವೇ ಲೇಸು.

ಊರಿನ ಮಾತಿನ ಬಗೆಗೂ ಅನೇಕರಿಗೆ ಅಳುಕಿದೆ. ಬೆಂಗಳೂರಿನಲ್ಲಿ ಬಾಯಿ ತೆರೆದರೆ ಕುಂದಾಪುರದ ರಾಗ ಕೇಳಿ ನಕ್ಕಾರೆಂಬ ಭಯ. ಆ ಕಾಲ ಕಳೆಯುತ್ತಿದೆ. 2019ರಿಂದ ಆಷಾಢ ಅಮಾವಾಸ್ಯೆಯಂದು ವಿಶ್ವ ಕುಂದಾಪ್ರ ಕನ್ನಡ ದಿನವನ್ನು ಆಚರಿಸಲಾಗುತ್ತಿದೆ. ಹೊರನಾಡಿನಲ್ಲಿ ಚದುರಿದವರನ್ನು ಅಂತರಜಾಲದ ಮೂಲಕ ಅದು ಬೆಸೆದಿದೆ. ಕೆರಾಡಿಯ ರಿಷಬ್ ಶೆಟ್ಟಿಯವರ ‘ಕಾಂತಾರ’ 2022ರಲ್ಲಿ ಈ ಸೀಮೆಯ ನುಡಿಯನ್ನು ನಾಡಿನಾಚೆಗೂ ಕೇಳಿಸಿತು. ಇಂಗ್ಲಿಷಿನಲ್ಲಿ ತಡವರಿಸುವುದೂ ಅಪರಾಧವಲ್ಲ. ಹೇಳುವ ವಿಷಯ ಗಟ್ಟಿಯಾಗಿದ್ದರೆ ಕೇಳುವವನು ಉಚ್ಚಾರವನ್ನು ತೂಗುತ್ತ ಕೂರುವುದಿಲ್ಲ.

ಮನೆಯವರ ಪಾತ್ರ

‘ನಮ್ಮ ಹುಡುಗಿಗೆ ನಾಚಿಕೆ ಜಾಸ್ತಿ’ ಎಂದು ತಾಯಿ ನೆಂಟರ ಮುಂದೆ ನಗುತ್ತ ಹೇಳುವುದುಂಟು. ಹತ್ತು ಸಲ ಕೇಳಿದ ಮಗು ಅದನ್ನು ತನ್ನ ಹೆಸರಿನಂತೆಯೇ ಒಪ್ಪಿಕೊಳ್ಳುತ್ತದೆ. ವೈದ್ಯರು ಮಗನನ್ನು ಕೇಳಿದ ಪ್ರಶ್ನೆಗೆ ತಂದೆ ಉತ್ತರಿಸುವುದು, ಕಾಲೇಜಿನ ಕಚೇರಿಗೆ ಮಗಳ ಬದಲು ಅಣ್ಣ ಹೋಗುವುದು, ಇವೆಲ್ಲ ಪ್ರೀತಿಯಿಂದಲೇ ಮಾಡುವ ಅಪಕಾರಗಳು. ಗದರಿಸಿ ವೇದಿಕೆಗೆ ನೂಕುವುದೂ ಅಷ್ಟೇ ತಪ್ಪು. ಮೊದಲ ದಿನವೇ ರಾಜವೇಷ ಕಟ್ಟಿದರೆ ಹುಡುಗ ಮೇಳವನ್ನೇ ಬಿಟ್ಟು ಓಡುತ್ತಾನೆ. ಮನೆಗೆ ಬಂದವರಿಗೆ ನೀರು ಕೊಟ್ಟು ಕುಶಲ ಕೇಳುವುದರಿಂದ ಆರಂಭವಾಗಲಿ.

ಆದರೆ ಭೀತಿ ತಿಂಗಳುಗಟ್ಟಲೆ ಉಳಿದು ಓದು, ಕೆಲಸ, ಸ್ನೇಹಗಳನ್ನು ಕೆಡಿಸುತ್ತಿದ್ದರೆ, ಅಥವಾ ಧೈರ್ಯಕ್ಕಾಗಿ ಮದ್ಯದ ಮೊರೆ ಹೋಗುವ ಲಕ್ಷಣ ಕಂಡರೆ, ಉಪದೇಶದಿಂದ ಸಾಲದು. ಯೋಚನಾಕ್ರಮವನ್ನೂ ನಡವಳಿಕೆಯನ್ನೂ ತಿದ್ದುವ ಮಾತಿನ ಚಿಕಿತ್ಸೆಯಿದೆ; ಅಗತ್ಯವಿದ್ದಾಗ ವೈದ್ಯರು ಕೊಡುವ ಔಷಧಿಯೂ ಇದೆ. ಮಣಿಪಾಲದ ದೊಡ್ಡ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗವಿದೆ. ಅಷ್ಟು ದೂರ ಹೋಗಿ ಮುಖ ತೋರಿಸುವುದಕ್ಕೂ ಸಂಕೋಚವಾದವರು 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಕರೆ ಮಾಡಬಹುದು. ಕರೆಗೆ ವೆಚ್ಚವಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು. ಆ ಕರೆಯೇ ಕೆಲವರಿಗೆ ಮೊದಲ ಮೆಟ್ಟಿಲಾದೀತು.

ಮಳೆಗಾಲದಲ್ಲಿ ತುಂಬಿ ಹರಿಯುವ ತೋಡುಗಳನ್ನು ಈ ಸೀಮೆಯ ಜನ ಚೆನ್ನಾಗಿ ಬಲ್ಲರು. ತೋಡು ಬತ್ತಲೆಂದು ದಡದಲ್ಲಿ ಕಾದು ಕುಳಿತವನ ಹೊಲದಲ್ಲಿ ನಾಟಿಯಾಗುವುದಿಲ್ಲ. ಹರಿವಿನ ಮೇಲೊಂದು ಕಾಲುಸಂಕ ಹಾಕಿ ಆಚೆಗೆ ದಾಟುವುದೇ ಇಲ್ಲಿಯ ರೂಢಿ. ಸಂಕೋಚವೂ ಪೂರ್ತಿಯಾಗಿ ಬತ್ತಬೇಕಾಗಿಲ್ಲ. ಅದು ಕೆಳಗೆ ತನ್ನಷ್ಟಕ್ಕೆ ಹರಿಯುತ್ತಿರಲಿ. ದಾಟುವ ಅಭ್ಯಾಸ ಕಾಲಿಗಾದರೆ ಸಾಕು.